ಗರಾಜಿನ ಗೋಡೆಯೊಳಗೆ ತಟ್ಟಿದ್ದು

ಮೊದಲಿಗೇ ಒಂದು ಗಂಭೀರ ವಿಷಯವನ್ನು ಎಲ್ಲರ ಗಮನಕ್ಕೆ ತರಬೇಕಾಗಿದೆ. ಕಳೆದ ಜನವರಿಯ ಒಂದು ಬುಧವಾರ, ಸಂಜೆ ನಾಲ್ಕೂವರೆಗೆ, ನ್ಯೂಜೆರ್ಸಿಯ ಕೆಂಡಲ್ ಪಾರ್ಕಿನಲ್ಲಿ ಹನ್ನೆರಡು ಬಂಗುಡೆ ಮೀನು ತೊಳೆಯದೆ ಉಳಿದವು. ಪತ್ರಿಕೆಗಳು ಇದನ್ನು ವರದಿ ಮಾಡಲಿಲ್ಲ. ಟೌನ್‌ಶಿಪ್ ಸಭೆಯಲ್ಲಿ ಯಾರೂ ಎದ್ದು ಮಾತಾಡಲಿಲ್ಲ. ಆದರೆ ಚಳಿಗಾಲದಲ್ಲಿ ಒಂದು ಮನೆ ಹೇಗೆ ಸದ್ದಿಲ್ಲದೆ ಹಾಳಾಗುತ್ತದೆ ಎಂದು ತಿಳಿಯಬೇಕಾದರೆ ಆ ಹನ್ನೆರಡು ಬಂಗುಡೆಗಳಿಂದಲೇ ಶುರುಮಾಡಬೇಕು.

ಮೀನು ಅಪ್ಪಿಯದು. ಅಪ್ಪಿಯ ಗಂಡ ಸೇಸಪ್ಪನವರಿಗೆ ರೂಟ್ ಒನ್ ಹೆದ್ದಾರಿಯ ಪಕ್ಕ ಸಣ್ಣದೊಂದು ಹೋಟೆಲು. ಇಬ್ಬರೂ ಉಡುಪಿ ಕಡೆಯವರು, ಈ ದೇಶಕ್ಕೆ ಬಂದು ಇಪ್ಪತ್ತಾರು ವರ್ಷ. ನಮ್ಮವರ ಅನೇಕ ಮನೆಗಳ ಹಾಗೆ ಅವರ ಮನೆಗೂ ಎರಡು ಅಡುಗೆಮನೆ. ಒಳಗಿನದು ನೋಡಲಿಕ್ಕೆ, ಅಲ್ಲಿ ಬಿಳಿ ಕಲ್ಲಿನ ಕಟ್ಟೆ, ಗಾಜಿನ ಬಟ್ಟಲಲ್ಲಿ ಮೂರು ನಿಂಬೆಹಣ್ಣು. ಇನ್ನೊಂದು ಗರಾಜಿನಲ್ಲಿ, ಒಗ್ಗರಣೆ, ಮೀನು, ಕರಿಯುವುದು, ಹುರಿಯುವುದು ಎಲ್ಲ ಅಲ್ಲಿ. ಕಾರು ಪಾಪ ಹೊರಗೆ ಹಿಮದಲ್ಲಿ ನಿಲ್ಲುತ್ತದೆ. ಗರಾಜಿನ ಸಿಂಕಿಗೆ ಪೈಪು ಎಳೆದವರು ಸ್ವತಃ ಸೇಸಪ್ಪನವರು, ಎರಡು ಭಾನುವಾರಗಳಲ್ಲಿ, ಹೊರಗೋಡೆಯ ಒಳಗಿಂದ. "ಅದೇ ಹತ್ತಿರದ ದಾರಿ" ಎಂದು ಅವರ ಅಭಿಪ್ರಾಯ. ಚಳಿಗೂ ಅದೇ ಹತ್ತಿರದ ದಾರಿ ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ಈ ವರ್ಷ ಇನ್ನೊಂದು ಏರ್ಪಾಡು ಆಗಿತ್ತು. ಮಗಳು ನವ್ಯಾ ಚೊಚ್ಚಲ ಬಾಣಂತನಕ್ಕೆಂದು ಪ್ಲೇನ್ಸ್‌ಬರೋದಿಂದ ತಾಯಿಯ ಮನೆಗೆ ಬಂದಿದ್ದಳು. ಎಂಟನೇ ತಿಂಗಳು. ಮೆಟ್ಟಿಲು ಹತ್ತುವುದು ಬೇಡವೆಂದು ಅವಳಿಗೆ ಕೊಟ್ಟದ್ದು ಕೆಳಗಿನ ಕೋಣೆ. ಅದರ ಒಂದು ಗೋಡೆಯ ಆಚೆ ಗರಾಜು; ಸೇಸಪ್ಪನವರ ಪೈಪು ಹೊರಗೋಡೆಯಿಂದ ತಿರುಗಿ ಸಿಂಕಿಗೆ ಹೋಗುವುದು ಆ ಗೋಡೆಯ ಒಳಗಿಂದಲೇ. ಶನಿವಾರ ಸೀಮಂತ, ಅರವತ್ತು ಜನ. ಆದರೆ ನವ್ಯಾಗೆ ಒಗ್ಗರಣೆಯ ವಾಸನೆ ಮೂಗಿಗೆ ಬಿದ್ದರೆ ಸಾಕು, ವಾಂತಿ. ಹಾಗಾಗಿ ಅಪ್ಪಿ ಮನೆಗೂ ಗರಾಜಿಗೂ ನಡುವಿನ ಬಾಗಿಲನ್ನು ಬಿಗಿಯಾಗಿ ಹಾಕಿ, ಕೆಳಗಿನ ಸಂದಿಗೆ ಹಳೆಯ ಟವೆಲ್ಲು ಸುತ್ತಿ ತುರುಕಿ, ಸುತ್ತಲೂ ಅಗಲದ ಟೇಪು ಅಂಟಿಸಿಬಿಟ್ಟಳು. ಗರಾಜಿಗೆ ಹೋಗಬೇಕಾದರೆ ಕೋಟು ಹಾಕಿಕೊಂಡು, ಹೊರಗಿನಿಂದ ಸುತ್ತಿ ಬಂದು, ಶಟರ್ ಎತ್ತಿ ಹೋಗುತ್ತಿದ್ದಳು. ಮಗಳಿಗಾಗಿ ತಾಯಿ ಇಷ್ಟು ಮಾಡದಿದ್ದರೆ ಹೇಗೆ?

ಆ ವಾರ ಚಳಿ, ಇಲ್ಲಿಯ ಫ್ಯಾರನ್‌ಹೀಟ್ ಲೆಕ್ಕದಲ್ಲಿ, ಒಂದಂಕಿಗೆ ಇಳಿದಿತ್ತು. ಮೂರು ದಿನದಿಂದ ಬಡಗಣ ಗಾಳಿ. ಬುಧವಾರ ಸಂಜೆ ಗಾಳಿ ನಿಂತಿತು. ನಿಂತ ಮೇಲೆ ಇನ್ನೂ ಕಷ್ಟವಾಯಿತು, ಏಕೆಂದರೆ ಇಡೀ ಬೀದಿಯಲ್ಲಿ ಒಂದು ಸದ್ದೂ ಇರಲಿಲ್ಲ. ಅಪ್ಪಿ ಮೀನಿನ ತಟ್ಟೆಯನ್ನು ಸಿಂಕಿನಲ್ಲಿಟ್ಟು ನಲ್ಲಿ ತಿರುಗಿಸಿದಳು.

ನಲ್ಲಿ ಉಸಿರು ಬಿಟ್ಟಿತು.

ನೀರಲ್ಲ, ಉಸಿರು. ಬಹಳ ದಿನದಿಂದ ತಡೆದುಕೊಂಡವರು ಬಿಟ್ಟ ಹಾಗೆ, ಉದ್ದಕ್ಕೆ, "ಹ್ಹಾ" ಎಂದು. ಆಮೇಲೆ ಒಂದು ಹನಿ ಅದರ ಬಾಯಿಯವರೆಗೆ ಬಂತು. ಬೀಳಲಿಲ್ಲ. ಅಪ್ಪಿ ಅದನ್ನೇ ನೋಡುತ್ತ ನಿಂತಿದ್ದಾಗ ಗೋಡೆಯೊಳಗಿಂದ ಯಾರೋ ಬೆರಳ ಗೆಣ್ಣಿನಲ್ಲಿ ತಟ್ಟಿದರು. ಟಿಕ್. ಸ್ವಲ್ಪ ಬಿಟ್ಟು, ಇನ್ನೊಂದು ಅಡಿ ಈಚೆಗೆ, ಟಿಕ್.

"ಯಾರು?" ಎಂದು ಅಪ್ಪಿ ಕೇಳಿದಳು. ಗೋಡೆಯನ್ನು ಹಾಗೆ ಕೇಳಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ಮಾತಾಡಬಾರದ ಬಾಯಿ ಮುಚ್ಚುವ ಹಾಗೆ ನಲ್ಲಿಯನ್ನು ಎರಡೂ ಕೈಯಿಂದ ಬಿಗಿಯಾಗಿ ತಿರುಗಿಸಿ, ಮೀನು ಅಲ್ಲೇ ಬಿಟ್ಟು, ಶಟರ್ ಎಳೆದು ಮನೆಯೊಳಗೆ ಬಂದಳು.

ಒಳಗೆ ನವ್ಯಾ ತನ್ನ ಕೋಣೆಯ ಗೋಡೆಗೆ ಅಂಗೈ ಇಟ್ಟು ನಿಂತಿದ್ದಳು.

"ಅಮ್ಮಾ, ಡೂ ಯೂ ಹಿಯರ್ ದಟ್?"

"ಎಂತ ಇಲ್ಲ. ಮಲಕ್ಕೋ ಹೋಗು."

"ಸೋಮವಾರದಿಂದ ಬರ್ತಾ ಉಂಟು. ಗೋಡೆ ಒಂದು ಸಲ ನಾಕ್ ಮಾಡಿದ್ರೆ ಬೇಬಿ ಒಂದು ಸಲ ಕಿಕ್ ಮಾಡ್ತದೆ. ಲೈಕ್, ಆನ್ಸರ್ ಮಾಡಿದ ಹಾಗೆ."

ಮಗಳು ನಗುತ್ತಲೇ ಹೇಳಿದ್ದು. ಅಪ್ಪಿಗೆ ನಗು ಬರಲಿಲ್ಲ. ಆ ಮನೆಯಲ್ಲಿ ಮೊದಲು ಒಬ್ಬಳೇ ಇದ್ದು ತೀರಿಕೊಂಡ ಮುದುಕಿಯ ನೆನಪಾಯಿತು. ಅಪ್ಪಿ ಅವಳನ್ನು ನೋಡಿದವಳಲ್ಲ. ಅವಳ ಕೈಬರಹ ಮಾತ್ರ ನೋಡಿದ್ದಳು. ಬೇಸ್‌ಮೆಂಟಿನ ಮೂಲೆಯಲ್ಲಿ ಒಂದು ಪೈಪಿನ ಹಿಡಿಗೆ ದಾರ ಕಟ್ಟಿ ತೂಗುಹಾಕಿದ ಹಳದಿ ಚೀಟಿ, ನಡುಗುವ ಇಂಗ್ಲಿಷ್ ಅಕ್ಷರ: "ಮೊದಲು ನನ್ನನ್ನು ಮುಚ್ಚು." ಮನೆ ಕೊಂಡ ವಾರವೇ ಅಪ್ಪಿ ಅದನ್ನು ಓದಿದ್ದಳು. ಸತ್ತವರ ಅಪ್ಪಣೆಯನ್ನು ಪಾಲಿಸುವುದೋ ಬಿಡುವುದೋ ತೋಚದೆ, ಅದರ ಮುಂದೆ ಅಕ್ಕಿಮೂಟೆಗಳನ್ನೂ ಮದುವೆಗೆ ಬಂದ ಪಾತ್ರೆಗಳ ಡಬ್ಬಗಳನ್ನೂ ಪೇರಿಸಿ ಕಣ್ಣಿಗೆ ಬೀಳದ ಹಾಗೆ ಮಾಡಿದ್ದಳು.

ಹೋಟೆಲಿನಿಂದ ಬಂದ ಸೇಸಪ್ಪನವರು ಎಲ್ಲ ಕೇಳಿ, ಕೋಟು ಬಿಚ್ಚುತ್ತಲೇ ತೀರ್ಪು ಕೊಟ್ಟರು.

"ಚಳಿಗೆ ನೀರು ಕಟ್ಟಿದೆ, ಅಷ್ಟೇ. ಅದಕ್ಕೆ ಭೂತ ಎಂತಕ್ಕೆ? ಶುಕ್ರವಾರ ಬಿಸಿಲು ಉಂಟಂತೆ. ತನ್ನಷ್ಟಕ್ಕೆ ಬಿಡ್ತದೆ."

"ಗೋಡೆ ತಟ್ಟುವುದು?"

"ಇಪ್ಪತ್ತಾರು ವರ್ಷದಲ್ಲಿ ಎಷ್ಟು ಪೈಪ್ ನೋಡಿಲ್ಲ ಮಾರಾಯ್ತಿ ನಾನು!"

ಪೈಪುಗಳೂ ಅವರನ್ನು ನೋಡಿದ್ದವು. ಆದರೆ ಅವು ಏನೂ ಹೇಳಿರಲಿಲ್ಲ.

ಗುರುವಾರ ಮಧ್ಯಾಹ್ನ ಎರಡು ಮನೆ ಆಚೆಯ ವೀರಬಸಮ್ಮ ಸೀಮಂತಕ್ಕೆಂದು ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ಬಂದಳು. ಧಾರವಾಡದವಳು, ಮನೆ ವಿಮೆಯ ಕಂಪನಿಯೊಂದರಲ್ಲಿ ಕೆಲಸ. ಯಾರ ಮನೆಯಲ್ಲಿ ನೀರು ನುಗ್ಗಿತು, ಏಕೆ ನುಗ್ಗಿತು ಎಂದು ಫೋಟೋ ನೋಡಿ ಬರೆಯುವುದು ಅವಳ ಉದ್ಯೋಗ. ಚಳಿಗಾಲದಲ್ಲಿ ಅವಳಿಗೆ ಪುರುಸೊತ್ತಿರುವುದಿಲ್ಲ. ಚಹಾ ಕುಡಿಯುತ್ತ ಅಪ್ಪಿ, ನಗೆಯಾಡುವವಳ ಹಾಗೆ, ನಲ್ಲಿ ಉಸಿರು ಬಿಟ್ಟ ಕಥೆ ಹೇಳಿದಳು.

ವೀರಬಸಮ್ಮ ನಗಲಿಲ್ಲ. ಕಪ್ಪು ಕೆಳಗಿಟ್ಟಳು.

"ಅಕ್ಕಾರ, ಇನ್ನೊಮ್ಮೆ ಹೇಳ್ರಿ. ನೀರು ಸಣ್ಣಗ ಬಂತೇನು, ಇಲ್ಲಾ ಬರಲೇ ಇಲ್ಲೇನು?"

"ಬರಲೇ ಇಲ್ಲ. ಗಾಳಿ ಮಾತ್ರ."

"ಗ್ವಾಡ್ಯಾಗ ಸಪ್ಪಳ?"

"ಉಂಟು. ಇಗೋ, ಈಗಲೂ—"

ಪಕ್ಕದಲ್ಲಿ ಕೂತಿದ್ದ ನವ್ಯಾ ಸೇರಿ ಮೂವರೂ ಕಿವಿಗೊಟ್ಟರು. ನವ್ಯಾಳ ಕೋಣೆಯ ಕಡೆಯಿಂದ, ಟಿಕ್. ನವ್ಯಾ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು.

"ನಾಳೆ ಎಷ್ಟು ಡಿಗ್ರಿ ಐತಂತ?" ವೀರಬಸಮ್ಮ ಮೆಲ್ಲಗೆ ಕೇಳಿದಳು.

"ನಲವತ್ತೊಂದು. ಬಿಸಿಲು ಬರ್ತದಂತೆ. ಸದ್ಯ, ಒಳ್ಳೆಯದಾಯ್ತು."

"ಒಳ್ಳೇದಲ್ರಿ ಅಕ್ಕಾರ." ಅವಳು ಎದ್ದು ನಿಂತಿದ್ದಳು. "ಪೈಪು ಒಡಿಯೋದು ಚಳ್ಯಾಗ. ಗೊತ್ತಾಗೋದು ಬಿಸಿಲಿನ್ಯಾಗ. ನೀರು ಬರ್ಫ ಆದ್ರ ಉಬ್ಬತೈತಿ, ಪೈಪು ಸೀಳತೈತಿ. ಆದ್ರ ಆ ಬರ್ಫನ ಬಿರಡಿ ಹಾಕಿದಂಗ ಕುಂತಿರತೈತಿ, ಒಂದು ಹನಿ ಹೊರಗ ಬರಂಗಿಲ್ಲ. ಮನಿಯವರು ಏನೂ ಆಗಿಲ್ಲ ಅಂತ ಆರಾಮ ಇರತಾರ. ಬಿಸಿಲು ಬೀಳತೈತಿ, ಬಿರಡಿ ಕರಗತೈತಿ..."

ನವ್ಯಾ ತನ್ನ ಹಾಸಿಗೆ ಇರುವ ಕೋಣೆಯ ಕಡೆ ನೋಡಿದಳು. ಸೀಮಂತದ ಸೀರೆ, ಮಗುವಿನ ತೊಟ್ಟಿಲು, ಮಡಿಸಿಟ್ಟ ಬಟ್ಟೆ ಎಲ್ಲ ಆ ಗೋಡೆಗೆ ಒರಗಿಯೇ ಇದ್ದವು.

ಆಗ ಟೇಪು ಅಂಟಿಸಿದ ಬಾಗಿಲಿನ ಆಚೆಯಿಂದ ಬೇರೆಯೇ ಒಂದು ಸದ್ದು ಬಂತು. ಬುಸ್ಸ್ ಎಂದು, ನಿಲ್ಲದೆ, ಬಾಗಿಲಿಗೆ ಬಾಯಿಟ್ಟು ಯಾರೋ ಊದಿದ ಹಾಗೆ. ಟೇಪು ಬಿಟ್ಟುಕೊಂಡಿದ್ದ ಮೂಲೆಯ ಸಂದಿಯಲ್ಲಿ ನೀಲಿ ಬೆಳಕು ಅಲುಗಿತು. ಅಪ್ಪಿ ಮಗಳನ್ನು ಹಿಂದಕ್ಕೆ ಎಳೆದುಕೊಂಡಳು.

ವೀರಬಸಮ್ಮ ಮಾತ್ರ ಟೇಪು ಕಿತ್ತು, ಟವೆಲ್ಲು ಒದ್ದು, ಬಾಗಿಲು ತೆರೆದಳು. ಹೋಟೆಲಿನಿಂದ ಯಾರಿಗೂ ಹೇಳದೆ ಬಂದು, ಗರಾಜಿನಲ್ಲಿ ಶಟರ್ ಪೂರ್ತಿ ಇಳಿಸಿಕೊಂಡು, ಹೋಟೆಲಿನ ದೊಡ್ಡ ಗ್ಯಾಸ್ ಒಲೆಯನ್ನು ಸಿಂಕಿನ ಕೆಳಗೆ ಎಳೆದು ಹಚ್ಚಿ, ಕುಕ್ಕರಗಾಲಿನಲ್ಲಿ ಕೂತಿದ್ದವರು ಸೇಸಪ್ಪನವರು.

"ಅಣ್ಣಾರ! ಆರಸ್ರಿ ಅದನ್ನ! ಶಟರ್ ಎತ್ರಿ!"

"ಎಂತ ಆಯ್ತು ವೀರಬಸಮ್ಮನವರೇ? ಸ್ವಲ್ಪ ಬಿಸಿ ಮಾಡುವ ಅಂತ. ಈಗಷ್ಟೇ ಹಚ್ಚಿದ್ದು."

"ಮೊದಲ ಎತ್ರಿ, ಆಮ್ಯಾಲ ಮಾತಾಡೂಣು."

ಒಲೆ ಆರಿತು. ಶಟರ್ ಕಿರುಗುಟ್ಟುತ್ತ ಮೇಲೆ ಹೋಯಿತು. ಮನೆಯ ಕಿಟಕಿಗಳನ್ನೂ ತೆರೆದು, ನವ್ಯಾಳಿಗೆ ಕೋಟು ಹೊದಿಸಿ, ವೀರಬಸಮ್ಮ ಅವಳನ್ನು ತನ್ನ ಮನೆಯಲ್ಲಿ ಬಿಟ್ಟೇ ಬಂದಳು.

"ಮುಚ್ಚಿದ ಗರಾಜಿನ್ಯಾಗ ಗ್ಯಾಸ್ ಉರಿಸಿದ್ರ ವಿಷದ ಗಾಳಿ ತುಂಬತೈತ್ರಿ. ಅದಕ್ಕ ವಾಸನಿ ಇಲ್ಲ, ಬಣ್ಣ ಇಲ್ಲ. ತಲಿ ಭಾರ ಆಗತೈತಿ, ನಿದ್ದಿ ಬಂದಂಗ ಆಗತೈತಿ, ಅಷ್ಟ. ಗ್ವಾಡಿ ಆಚಿಗೆ ಬಸುರಿ ಮಲಗತಾಳ. ಹಂಗೇನಾರ ಆದ್ರ ಒಂದು ನಿಮಿಷ ಒಳಗ ನಿಂದರಬ್ಯಾಡ್ರಿ, ಹೊರಗ ಓಡಿ ಬಂದು 911ಕ್ಕ ಫೋನ್ ಮಾಡ್ರಿ."

"ಅದಕ್ಕೆ ಅಲಾರ್ಮ್ ಉಂಟಲ್ಲ ನಮ್ಮಲ್ಲಿ."

ವೀರಬಸಮ್ಮ ಕತ್ತೆತ್ತಿ ನೋಡಿದಳು. ಹಜಾರದ ಸೂರಿನಲ್ಲಿ ಹೊಗೆಗೂ ವಿಷಗಾಳಿಗೂ ಸೇರಿ ಒಂದೇ ಅಲಾರ್ಮ್ ಇತ್ತು. ಒಗ್ಗರಣೆಯ ಹೊಗೆಗೆ ಕಿರುಚಬಾರದೆಂದು ಅದಕ್ಕೆ ಸ್ನಾನದ ಪ್ಲಾಸ್ಟಿಕ್ ಟೊಪ್ಪಿಗೆ ತೊಡಿಸಿತ್ತು.

"ಇದಕ್ಯಾಕ ಟೊಪ್ಪಿಗಿ? ಇದೂ ಜಳಕ ಮಾಡತೈತೇನು?"

ಸೇಸಪ್ಪನವರು ಕುರ್ಚಿ ಎಳೆದು ಹತ್ತಿ, ಟೊಪ್ಪಿಗೆ ತೆಗೆದು, ಗುಂಡಿ ಒತ್ತಿದರು. ಅಲಾರ್ಮ್ ಕಿರುಚಿತು. ಬದುಕಿತ್ತು.

ಆಮೇಲೆ ಮೂವರೂ ಸಿಂಕಿನ ಕೆಳಗೆ ಬಗ್ಗಿದರು. ವೀರಬಸಮ್ಮ ಫೋನಿನ ಬೆಳಕು ಬಿಟ್ಟಳು. ತಾಮ್ರದ ಪೈಪಿನ ಮೇಲೆಲ್ಲ ಬಿಳಿ ಹಿಮದ ರೋಮ ಎದ್ದಿತ್ತು. ಗೋಡೆಯೊಳಗೆ ಹೋಗುವಲ್ಲಿ ಅದು ಉಬ್ಬಿತ್ತು, ಹಾವು ಕಪ್ಪೆ ನುಂಗಿ ಮಲಗಿದ ಹಾಗೆ. ಅವರು ನೋಡುತ್ತಿದ್ದ ಹಾಗೆಯೇ ಅದರೊಳಗೆ ಏನೋ ಸಣ್ಣಗೆ ಕಿರುಗುಟ್ಟಿತು.

"ಇದು ನಿನ್ನೆ ಹೀಗೆ ಇರಲಿಲ್ಲ" ಎಂದರು ಸೇಸಪ್ಪನವರು. ಮೊದಲ ಬಾರಿಗೆ ಅವರ ದನಿ ತಗ್ಗಿತ್ತು.

"ಈ ಬಾಗಲಾ ಹಿಂಗ್ಯಾಕ ಮುಚ್ಚಿದ್ರಿ ಅಕ್ಕಾರ?"

"ನವ್ಯಾಗೆ ವಾಸನೆ ಆಗುವುದಿಲ್ಲ ಅಂತ..."

"ವಾಸನಿ ಒಳಗ ಬರಲಿಲ್ಲ, ಖರೆ. ಮನಿ ಬಿಸಿನೂ ಹೊರಗ ಹೋಗಲಿಲ್ಲ. ಗರಾಜಿಗೆ ಇದ್ದ ಒಂದ ಆಸರ ಅದು. ಈಗ ಒಂದ ಕೆಲಸ: ಮನಿಗೆ ನೀರು ಬರೋ ದೊಡ್ಡ ವಾಲ್ವ್ ಮುಚ್ಚಬೇಕು. ಈಗಲೇ. ಎಲ್ಲೈತಿ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಹನ್ನೊಂದು ವರ್ಷದಿಂದ ಆ ಮನೆಯಲ್ಲಿದ್ದಾರೆ. ಸೇಸಪ್ಪನವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ಅಪ್ಪಿ ಒಬ್ಬಳೇ, ತನಗೆ ಗೊತ್ತಿದೆ ಎಂದು ಅವಳಿಗೂ ಆ ಗಳಿಗೆಯವರೆಗೆ ಗೊತ್ತಿರಲಿಲ್ಲ.

"ನಾಡಿದ್ದು ಕಾರ್ಯ ಉಂಟು" ಎಂದರು ಸೇಸಪ್ಪನವರು. "ಅರವತ್ತು ಜನ ಬರುವ ಮನೆಯಲ್ಲಿ ನೀರು ಬಂದ್ ಮಾಡುವುದಾ? ಶುಭಕಾರ್ಯದ ಎದುರಿಗೆ? ಒಂದು ದಿನ ನೋಡುವ. ಒಡೆದಿದೆ ಅಂತ ಏನು ಗ್ಯಾರಂಟಿ?"

"ಒಡೆದಿಲ್ಲ ಅಂತ ಗ್ಯಾರಂಟಿ ನೀವು ಕೊಡ್ತೀರೇನ್ರಿ ಅಣ್ಣಾರ?"

ಅಪ್ಪಿ ಅಷ್ಟರಲ್ಲಿ ಮನೆಯ ಬಕೆಟ್ಟು, ಕೊಪ್ಪರಿಗೆ, ಸ್ನಾನದ ತೊಟ್ಟಿ ಎಲ್ಲ ತುಂಬಿಸಲು ಶುರುಮಾಡಿದ್ದಳು. ತುಂಬಿದ ಮೇಲೆ ಬೇಸ್‌ಮೆಂಟಿಗೆ ಇಳಿದಳು. ಅಕ್ಕಿಮೂಟೆ ಸರಿಸಿದಳು, ಡಬ್ಬಗಳನ್ನು ಇಳಿಸಿದಳು. ಹಿಂದೆ ಕತ್ತಲೆಯಲ್ಲಿ ಹಳದಿ ಚೀಟಿ ಇನ್ನೂ ತೂಗುತ್ತಿತ್ತು. ಗಾಳಿಯಿಲ್ಲದ ಕಡೆ ಅದು ಯಾಕೆ ಅಲುಗುತ್ತಿದೆ ಎಂದು ಯೋಚಿಸಬಾರದೆಂದುಕೊಂಡಳು. ಹನ್ನೊಂದು ವರ್ಷ ಅದೊಂದು ಬೆದರಿಕೆ ಎಂದು ತಿಳಿದಿದ್ದಳು. ಈಗ ಓದಿದರೆ, ಒಬ್ಬಳೇ ಇದ್ದ ಹೆಂಗಸೊಬ್ಬಳು ತನಗೆ ಮರೆತುಹೋಗದಿರಲಿ ಎಂದು ಬರೆದುಕೊಂಡ ಬುದ್ಧಿಮಾತು ಅದು. ತನ್ನ ನಂತರ ಬರುವವಳಿಗೂ ಇರಲಿ ಎಂದು ಬಿಟ್ಟುಹೋಗಿದ್ದಳು.

ಹಿಡಿ ತುಕ್ಕು ಹಿಡಿದಿತ್ತು. ಸೆರಗು ಸುತ್ತಿ, ಹಲ್ಲು ಕಚ್ಚಿ, ಅಪ್ಪಿ ತಿರುಗಿಸಿದಳು. ಇಡೀ ಮನೆ ಒಮ್ಮೆ ನಡುಗಿ ಸುಮ್ಮನಾಯಿತು.

ಆಮೇಲೆ ಎಲ್ಲ ನಲ್ಲಿಗಳನ್ನೂ ತೆರೆದಿಟ್ಟರು, ಗರಾಜಿನದನ್ನೂ. ನಡುವಿನ ಬಾಗಿಲು ತೆರೆದೇ ಇತ್ತು. ಸಿಂಕಿನ ಕೆಳಗಿನ ಕಪಾಟೂ ತೆರೆದಿತ್ತು. ನವ್ಯಾಳ ಕೂದಲು ಒಣಗಿಸುವ ಡ್ರೈಯರ್ ಹಿಡಿದು ವೀರಬಸಮ್ಮ, ನೆಲ ಒಣಗಿದೆಯೇ ನೋಡಿಕೊಂಡು, ನಲ್ಲಿಯ ಕಡೆಯಿಂದ ಗೋಡೆಯ ಕಡೆಗೆ ನಿಧಾನವಾಗಿ ಬಿಸಿಗಾಳಿ ಬಿಟ್ಟಳು. "ಗ್ವಾಡಿ ಕಡಿಂದ ಸುರು ಮಾಡಿದ್ರ ಕರಗಿದ ನೀರಿಗೆ ದಾರಿ ಇರಂಗಿಲ್ಲ" ಎಂದಳು. ಸಂಜೆಯ ಹೊತ್ತಿಗೆ ಹೊರಗೆ ಕಾಣುವ ಪೈಪಿನ ಹಿಮ ಕರಗಿತು. ಗೋಡೆಯೊಳಗಿನದು ಕರಗಲಿಲ್ಲ. ಆ ರಾತ್ರಿ ನವ್ಯಾ ವೀರಬಸಮ್ಮನ ಮನೆಯಲ್ಲೇ ಮಲಗಿದಳು.

ಶುಕ್ರವಾರ ಬಿಸಿಲು ಬಂತು, ಹೇಳಿದ ಹಾಗೆ. ಹತ್ತು ಗಂಟೆಗೆ ಸೂರಿನ ಹಿಮ ತೊಟ್ಟಿಕ್ಕತೊಡಗಿತು. ಬೀದಿಯಲ್ಲಿ ಮಕ್ಕಳು ಸ್ವೆಟರಿನಲ್ಲೇ ಹೊರಗೆ ಬಂದರು. ಅಪ್ಪಿ ಮತ್ತು ಸೇಸಪ್ಪನವರು ಮಾತ್ರ ಮಗಳ ಖಾಲಿ ಕೋಣೆಯಲ್ಲಿ, ಗೋಡೆಯ ಎದುರು, ಎರಡು ಕುರ್ಚಿ ಹಾಕಿಕೊಂಡು ಕೂತಿದ್ದರು. ನೋಡಲು ಏನೂ ಇರಲಿಲ್ಲ. ಆದರೂ ಇಬ್ಬರೂ ಎದ್ದು ಹೋಗಲಿಲ್ಲ.

ಹನ್ನೆರಡೂ ಹತ್ತಕ್ಕೆ ಗೋಡೆ ಉಸಿರು ಬಿಟ್ಟಿತು.

ಆಮೇಲೆ ಒಳಗೆ ನೀರು ಓಡುವ ಸದ್ದು. ಯಾರೋ ಬರಿಗಾಲಿನಲ್ಲಿ ಮೇಲಿಂದ ಕೆಳಗೆ ಇಳಿದು ಬಂದ ಹಾಗೆ, ಹತ್ತಿರ, ಇನ್ನೂ ಹತ್ತಿರ. ಗೋಡೆಯ ಬಣ್ಣದ ಮೇಲೆ, ತೊಟ್ಟಿಲು ಇದ್ದ ಜಾಗಕ್ಕೆ ಸರಿಯಾಗಿ, ಒಂದು ಕಪ್ಪು ಕಲೆ ಮೂಡಿತು. ಕಾಸಿನಷ್ಟು. ಅಂಗೈಯಷ್ಟು. ಊಟದ ತಟ್ಟೆಯಷ್ಟು.

"ನಿಲ್ತದಾ?" ಎಂದು ಸೇಸಪ್ಪನವರು ಹೆಂಡತಿಯನ್ನು ಕೇಳಿದರು. ಪೈಪಿನ ವಿಷಯದಲ್ಲಿ ಅವರು ಹೆಂಡತಿಯನ್ನು ಕೇಳಿದ್ದು ಅದೇ ಮೊದಲು.

ನಿಂತಿತು. ಪೈಪಿನಲ್ಲಿ ಉಳಿದಿದ್ದ ನೀರು ಅಷ್ಟೇ. ಹಿಂದಿನಿಂದ ತಳ್ಳುವ ನೀರು ಬೇಸ್‌ಮೆಂಟಿನಲ್ಲಿ, ಚೀಟಿಯ ಕೆಳಗೆ, ಬಾಯಿ ಮುಚ್ಚಿಕೊಂಡಿತ್ತು.

ಮೂರು ಗಂಟೆಗೆ ಪ್ಲಂಬರ್ ಇಮ್ರಾನ್ ಬಂದ. ಭಟ್ಕಳದವನು. ಗೋಡೆ ಕೊರೆದು ತೋರಿಸಿದ: ಪೈಪು ಗೇಣುದ್ದ ಸೀಳಿ, ತುಟಿ ತೆರೆದುಕೊಂಡಿತ್ತು. ಸೀಳಿನ ಎದುರಿಗೇ ನಾಲ್ಕು ಬೆರಳು ಅಂತರದಲ್ಲಿ ಕರೆಂಟಿನ ತಂತಿ.

"ಇದು ಇವತ್ತು ಒಡೆದದ್ದಲ್ಲ ಅಪ್ಪೀ ಆಂಟಿ. ಎರಡು ದಿನ ಆಯ್ತು ಒಡೆದು. ವಾಲ್ವ್ ತೆರೆದಿದ್ರೆ ಒಂದು ಗಂಟೆಯಲ್ಲಿ ಈ ಕೋಣೆಯಲ್ಲಿ ಪಾದ ಮುಳುಗ್ತಿತ್ತು. ಮಲಗಿದವರಿಗೆ ಗೊತ್ತಾಗುವುದು ಕಾಲು ಕೆಳಗೆ ಇಟ್ಟಾಗ."

ಸೇಸಪ್ಪನವರು ಸೀಳನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಕೇಳಿದರು, "ಈಗ ಎಂತ ಮಾಡಬೇಕು ಹೇಳು. ನೀನು ಹೇಳಿದ ಹಾಗೆ ಮಾಡುವ."

ಇಮ್ರಾನ್ ಹೊರಗೋಡೆಯ ದಾರಿ ಬಿಟ್ಟು, ಹೊಸ ಪೈಪನ್ನು ಮನೆಯೊಳಗಿನ ಗೋಡೆಯ ಉದ್ದಕ್ಕೆ ಎಳೆದ. ಅದಕ್ಕೆ ಸ್ಪಂಜಿನ ಕವಚ ತೊಡಿಸಿದ. ಗರಾಜಿಗೆಂದೇ ಒಂದು ಪ್ರತ್ಯೇಕ ವಾಲ್ವ್ ಮನೆಯೊಳಗೆ ಇಟ್ಟ. ಸಂಜೆ ಏಳಕ್ಕೆ ಮನೆಗೆ ನೀರು ಬಂತು. ನವ್ಯಾ ತಿರುಗಿ ಬಂದು ಗೋಡೆಗೆ ಕಿವಿಯಿಟ್ಟು ಕೇಳಿ, "ಇಟ್ಸ್ ಕ್ವಯಟ್" ಎಂದಳು. ಹೊಟ್ಟೆಯೊಳಗಿನವರು ತಮ್ಮ ಪಾಡಿಗೆ ಒದೆಯುತ್ತಿದ್ದರು, ಯಾರಿಗೂ ಉತ್ತರವಾಗಿ ಅಲ್ಲ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಗರಾಜಿನ ಅಡುಗೆಮನೆ ಇರಬಹುದು. ಇದ್ದರೆ ತಪ್ಪೇನಿಲ್ಲ, ಒಗ್ಗರಣೆ ಬೇಕೇ ಬೇಕು. ಆದರೆ ನವೆಂಬರಿನಲ್ಲೇ ಆ ಪೈಪಿಗೆ ಕವಚ ಹಾಕಿಸಿ. ಚಳಿಗಾಲದಲ್ಲಿ ಬಳಸುವುದಿಲ್ಲವಾದರೆ ಅದರ ವಾಲ್ವ್ ಮುಚ್ಚಿ, ನಲ್ಲಿ ತೆರೆದು ನೀರು ಬಸಿದುಬಿಡಿ. ಚಳಿ ಇಪ್ಪತ್ತು ಡಿಗ್ರಿ ಫ್ಯಾರನ್‌ಹೀಟಿಗೆ ಇಳಿಯುವ ದಿನ ಹೊರಗೋಡೆಗೆ ತಾಗಿದ ಒಳಗಿನ ನಲ್ಲಿಗಳನ್ನು, ಬಿಸಿ ತಣ್ಣೀರು ಎರಡನ್ನೂ, ಸಣ್ಣಗೆ ಹನಿಯಲು ಬಿಡಿ. ನಲ್ಲಿ ಹನಿಯಬಾರದು ಎಂದು ಕಲಿತು ನಾವು ಬೆಳೆದವರು, ಕೈ ತಡೆಯುವುದಿಲ್ಲ, ಗೊತ್ತು. ಆ ಒಂದೆರಡು ದಿನ ತಡೆದುಕೊಳ್ಳಿ. ಸಿಂಕಿನ ಕೆಳಗಿನ ಕಪಾಟು ತೆರೆದಿಡಿ, ಮನೆಯ ಬಿಸಿ ಒಳಗೆ ಹೋಗಲಿ. ಊರಿಗೆ ಹೋಗುವಾಗಲೂ ಹೀಟರ್ ಪೂರ್ತಿ ಆರಿಸಬೇಡಿ, ಐವತ್ತೈದಕ್ಕಿಂತ ಕೆಳಗೆ ಇಳಿಸಬೇಡಿ. ನಲ್ಲಿಯಲ್ಲಿ ನೀರು ನಿಂತರೆ ಬೆಂಕಿ ಹಿಡಿಯಬೇಡಿ, ಬಿಸಿಲಿಗೆ ಕಾಯಬೇಡಿ. ಪೈಪು ಉಬ್ಬಿದ್ದರೆ ಅಥವಾ ಅನುಮಾನವಿದ್ದರೆ ದೊಡ್ಡ ವಾಲ್ವ್ ಮುಚ್ಚಿ ಪ್ಲಂಬರನ್ನು ಕರೆಯಿರಿ. ಆ ವಾಲ್ವ್ ಎಲ್ಲಿದೆ ಎಂದು ಈಗಲೇ, ಈ ಹಾಳೆ ಕೆಳಗಿಟ್ಟು, ಹೋಗಿ ನೋಡಿ ಬನ್ನಿ. ಮನೆಯಲ್ಲಿ ಇನ್ನೊಬ್ಬರಿಗೂ ತೋರಿಸಿ.

ನವ್ಯಾಳ ಸೀಮಂತ ಶನಿವಾರ ಹನ್ನೊಂದು ಗಂಟೆಗೆ ಆಯಿತು. ಮಗು ಫೆಬ್ರವರಿ ಹತ್ತೊಂಬತ್ತಕ್ಕೆ ಹುಟ್ಟಿತು, ಹೆಣ್ಣು. ಅದೇ ಕೋಣೆಯಲ್ಲಿ ಮಲಗುತ್ತದೆ.